ಕಸ್ಟಮ್ ಮಿಡಿ ಕಂಟ್ರೋಲರ್ ಮಾಡಿಸುವ ಮುನ್ನ ಖರ್ಚಿನ ಲೆಕ್ಕ ಹಾಕುವುದು ಹೇಗೆ

ಸಂಗೀತ ಸಾಧನಗಳು ಮತ್ತು ಕಂಪ್ಯೂಟರ್ ಪರಸ್ಪರ ಸಂದೇಶ ಕಳಿಸುವ ಪದ್ಧತಿಗೆ ಮಿಡಿ ಎನ್ನುತ್ತಾರೆ. ಮಿಡಿ ಕಂಟ್ರೋಲರ್ ತಾನಾಗಿ ಯಾವ ನಾದವನ್ನೂ ಹೊರಡಿಸುವುದಿಲ್ಲ. ನಾಬ್ ತಿರುಗಿಸಿದಾಗ, ಫೇಡರ್ ಸರಿಸಿದಾಗ, ಬಟನ್ ಒತ್ತಿದಾಗ ಒಂದು ಸಂಖ್ಯೆಯನ್ನು ಲ್ಯಾಪ್‌ಟಾಪಿಗೋ ಕೀಬೋರ್ಡಿಗೋ ಕಳಿಸುವುದಷ್ಟೇ ಅದರ ಕೆಲಸ. ಒಳಗಿನ ಎಲೆಕ್ಟ್ರಾನಿಕ್ಸ್ ಇಷ್ಟು ಸರಳವಾಗಿರುವುದರಿಂದ, ತಯಾರಕರು ಹೇಳುವ ಬೆಲೆಯಲ್ಲಿ ಚಿಪ್‌ನ ಪಾಲು ತೀರ ಸಣ್ಣದು. ಹಣ ಹೋಗುವುದು ಪ್ಯಾನೆಲ್‌ಗೆ, ವೈರಿಂಗ್‌ಗೆ ಮತ್ತು ಕೆಲಸ ಅರ್ಧಕ್ಕೆ ಬಂದಾಗ ಗ್ರಾಹಕರು ಮನಸ್ಸು ಬದಲಾಯಿಸುವುದಕ್ಕೆ.

ಕಸ್ಟಮ್ ನಿಜಕ್ಕೂ ಬೇಕೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಸುಗಮ ಸಂಗೀತಕ್ಕೆ ಕೀಬೋರ್ಡ್ ನುಡಿಸುವವರಿಗೆ ಬೇಕಾಗುವುದು ಸಾಮಾನ್ಯವಾಗಿ ನಾಲ್ಕೈದು ಫೇಡರ್ ಮತ್ತು ಟೋನ್ ಬದಲಿಸಲು ಕೆಲವು ಬಟನ್ ಮಾತ್ರ. ಅಷ್ಟಕ್ಕೆ 8 ಫೇಡರ್, 8 ನಾಬ್ ಇರುವ ಕೊರ್ಗ್ ನ್ಯಾನೊಕಂಟ್ರೋಲ್ 2ರಂತಹ ಸಿದ್ಧ ಸಾಧನವೇ ಸಾಕು. ಕುರ್ಲಾದ ಬಂಟರ ಭವನದಲ್ಲಿ ಆರತಕ್ಷತೆಗೆ ಡಿಜೆ ಮಾಡುವವರ ಅಗತ್ಯ ಬೇರೆ: ಮಂದ ಬೆಳಕಿನಲ್ಲಿ ಕೈಗೆ ತಾನಾಗಿ ಸಿಗುವ ದೊಡ್ಡ ಬಟನ್‌ಗಳು, ತಮ್ಮ ಅಭ್ಯಾಸಕ್ಕೆ ತಕ್ಕ ಅಂತರ, ಹೊಡೆತ ತಾಳುವ ಪೆಟ್ಟಿಗೆ. ಕಸ್ಟಮ್‌ಗೆ ಹಣ ಸುರಿಯಲು ಇವು ಒಪ್ಪತಕ್ಕ ಕಾರಣಗಳು. ವೇದಿಕೆಯ ಮೇಲೆ ಚೆನ್ನಾಗಿ ಕಾಣಲಿ ಎಂಬುದು ಒಪ್ಪತಕ್ಕ ಕಾರಣವಲ್ಲ.

ಬೇಕೆಂದು ನಿರ್ಧರಿಸಿದ ಮೇಲೆ, ಯಾರನ್ನೂ ದರ ಕೇಳುವ ಮೊದಲು ಪ್ಯಾನೆಲ್‌ನ ನಕ್ಷೆಯನ್ನು ನಿಜ ಅಳತೆಯಲ್ಲಿ ದಪ್ಪ ರಟ್ಟಿನ ಮೇಲೆ ಬರೆದು, ನಾಬ್‌ಗಳನ್ನು ಅದರ ಮೇಲಿಟ್ಟು, ಹಾಡು ಹಾಕಿಕೊಂಡು ಕೈಯಾಡಿಸಿ ನೋಡಿ. ಎರಡು ನಾಬ್‌ಗಳ ಕೇಂದ್ರಗಳ ನಡುವೆ 25 ಮಿ.ಮೀ. ಇದ್ದರೆ ಬೆರಳು ಪಕ್ಕದ ನಾಬ್‌ಗೆ ತಾಗುವುದಿಲ್ಲ, 19 ಮಿ.ಮೀ.ಗಿಂತ ಕಡಿಮೆಯಾದರೆ ಕಷ್ಟ. ರಟ್ಟಿನ ಮೇಲೆ ತಿದ್ದುವುದಕ್ಕೆ ಖರ್ಚಿಲ್ಲ, ಲೋಹದಲ್ಲಿ ತೂತು ಬಿದ್ದ ಮೇಲೆ ತಿದ್ದುವುದೆಂದರೆ ಹೊಸ ಪ್ಯಾನೆಲ್.

ಇನ್ನು ಬಿಡಿಭಾಗಗಳ ಲೆಕ್ಕ. ಉದಾಹರಣೆಗೆ 16 ನಾಬ್, 4 ಫೇಡರ್ ಮತ್ತು 12 ಬಟನ್ ಇರುವ ಕಂಟ್ರೋಲರ್ ಒಂದನ್ನು ತೆಗೆದುಕೊಳ್ಳೋಣ. ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಇವೆಲ್ಲದರ ದರ ವಿಚಾರಿಸಬಹುದು. ಪುಣೆಯವರಿಗೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿ ಇದೆ. ಎಲ್ಲವನ್ನೂ ನಿಯಂತ್ರಿಸುವ ಚಿಪ್ ಇರುವ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡಿಗೆ ಸುಮಾರು 400 ರೂಪಾಯಿ, ನಾಬ್‌ನ ಕೆಳಗೆ ಕೂರುವ ಪಾಟ್ (ಪೊಟೆನ್ಶಿಯೋಮೀಟರ್) ತಲಾ 40ರಂತೆ 16ಕ್ಕೆ 640, ಸಾಧಾರಣ ಫೇಡರ್ ನಾಲ್ಕಕ್ಕೆ 600, ಆರ್ಕೇಡ್ ಬಟನ್ ಹನ್ನೆರಡಕ್ಕೆ 960, ನಾಬ್ ಮತ್ತು ಫೇಡರ್‌ಗಳ ಟೋಪಿಗಳಿಗೆ 560, ಎರಡು ಮಲ್ಟಿಪ್ಲೆಕ್ಸರ್ ಬೋರ್ಡಿಗೆ 200, ವೈರು ಮತ್ತು ಚಿಲ್ಲರೆ ಸಾಮಾನಿಗೆ 400, ಪ್ಯಾನೆಲ್‌ಗೆ ಸ್ಕ್ರೂ ಹಾಕಿ ಕೂರಿಸುವ ಯುಎಸ್‌ಬಿ ಸಾಕೆಟ್ ಹಾಗೂ ಕೇಬಲ್ಲಿಗೆ 300 ಎಂದು ಹಿಡಿದರೆ ಒಟ್ಟು 4,060 ಆಗುತ್ತದೆ. ನಾಬ್-ಫೇಡರ್‌ಗಳ ಸ್ಥಾನ ಓದಲು ಪಿಕೊದಲ್ಲಿ ಹೊರಗೆ ಸಿಗುವ ಅನಲಾಗ್ ಇನ್‌ಪುಟ್ ಮೂರೇ ಆದ್ದರಿಂದ, 20 ನಾಬ್-ಫೇಡರ್‌ಗಳನ್ನು ಓದಲು, ಹಲವನ್ನು ಸರದಿಯಂತೆ ಒಂದೇ ಇನ್‌ಪುಟ್‌ಗೆ ಜೋಡಿಸುವ 16 ಚಾನೆಲ್‌ನ ಮಲ್ಟಿಪ್ಲೆಕ್ಸರ್ ಎರಡು ಬೇಕು. ಬಟನ್‌ಗಳನ್ನು ಉಳಿದ ಪಿನ್‌ಗಳಿಗೆ ನೇರವಾಗಿ ಜೋಡಿಸಬಹುದು.

ಪಾಟ್ ಕೊಳ್ಳುವಾಗ 10ಕೆ ಲೀನಿಯರ್ ಎಂದು ಕೇಳಬೇಕು. ವಾಲ್ಯೂಮ್‌ಗೆ ಬಳಸುವ ಆಡಿಯೊ ಟೇಪರ್ ಪಾಟ್ ಹಾಕಿದರೆ ಬದಲಾವಣೆಯೆಲ್ಲ ಒಂದೇ ತುದಿಯಲ್ಲಿ ಗುಂಪುಗೂಡುತ್ತದೆ. ಹೆಚ್ಚು ನಿಖರವಾದ ಓದಿಗೆಂದು ದುಬಾರಿ ಚಿಪ್ ಹಾಕಿಸುವ ಅಗತ್ಯವಿಲ್ಲ, ಏಕೆಂದರೆ 1983ರಲ್ಲಿ ಬಂದ ಮಿಡಿ ಪದ್ಧತಿಯ ಸಾಮಾನ್ಯ ಕಂಟ್ರೋಲ್ ಸಂದೇಶದಲ್ಲಿ ಇರುವುದೇ 0ಯಿಂದ 127ರವರೆಗಿನ ಮೆಟ್ಟಿಲುಗಳು.

ಪೆಟ್ಟಿಗೆಯ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರವಾಗುವುದು ಬಹಳ ಸುಲಭ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಗ್ಗ, ಆದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಅದರ ಅಂಚುಗಳು ಉಬ್ಬುತ್ತವೆ. 3 ಮಿ.ಮೀ. ಅಕ್ರಿಲಿಕ್ ನೋಡಲು ಚೆಂದ, ಸ್ಕ್ರೂ ಬಿಗಿದ ಕಡೆ ಸೀಳುತ್ತದೆ. 6 ಮಿ.ಮೀ. ಪ್ಲೈವುಡ್ ಗಟ್ಟಿಯಾಗಿದ್ದರೂ ಅದಕ್ಕೊಂದು ತೊಡಕಿದೆ: ಸಾಮಾನ್ಯ ಪಾಟ್‌ನ ಕತ್ತಿನಲ್ಲಿ ನಟ್ ಬಿಗಿಯುವ ಮರೆ (ಥ್ರೆಡ್) ಸುಮಾರು 7 ಮಿ.ಮೀ. ಉದ್ದವಿರುವುದರಿಂದ, ಹಲಗೆಯನ್ನು ದಾಟಿ ಹೊರಬಂದ ಮೇಲೆ ವಾಷರ್ ಮತ್ತು ನಟ್ ಕೂರಲು ಜಾಗವೇ ಉಳಿಯುವುದಿಲ್ಲ, ಒಳಗಡೆ ಪ್ರತಿಯೊಂದಕ್ಕೂ ಗುಳಿ ತೋಡಬೇಕಾಗುತ್ತದೆ. ನನ್ನ ಆಯ್ಕೆ 2 ಮಿ.ಮೀ. ಅಲ್ಯೂಮಿನಿಯಂ ಮೇಲ್ತಟ್ಟೆ ಮತ್ತು ಪ್ಲೈವುಡ್‌ನ ಬದಿಗಳು. ಲೇಸರ್ ಕಟಿಂಗ್ ಸೇರಿ 2,500 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ಪೌಡರ್ ಕೋಟಿಂಗ್ ಒಂದೇ ತಟ್ಟೆಗೆ ಮಾಡಿಸಿದರೆ ದುಬಾರಿ ಬೀಳುತ್ತದೆ.

ಉಳಿದದ್ದು ಕೂಲಿ. ಪಾಟ್ ಮತ್ತು ಫೇಡರ್‌ಗೆ ತಲಾ ಮೂರು, ಬಟನ್‌ಗೆ ಎರಡರಂತೆ ಎಣಿಸಿದರೆ ಈ ಕಂಟ್ರೋಲರ್‌ನಲ್ಲಿ ಬಿಡಿಭಾಗಗಳ ಕಡೆಯೇ 84 ಸೋಲ್ಡರ್ ಆಗುತ್ತವೆ, ಬೋರ್ಡಿನ ಕಡೆಯದು ಬೇರೆ. ವಿನ್ಯಾಸಕ್ಕೆ 5 ಗಂಟೆ, ವೈರಿಂಗ್‌ಗೆ 8, ಕೋಡ್ ಮತ್ತು ಪರೀಕ್ಷೆಗೆ 5 ಎಂದು, ಗಂಟೆಗೆ 500ರ ದರ ಹಿಡಿದರೆ 9,000 ರೂಪಾಯಿ. ಎಲ್ಲ ಸೇರಿ 15,560. ತಯಾರಕರು ನೋಂದಾಯಿತರಾಗಿದ್ದು ಶೇ. 18ರ ಜಿಎಸ್‌ಟಿ ಹಾಕಿದರೆ ಸುಮಾರು 18,360. ಇದೇ ನಕ್ಷೆಯ ಎರಡನೆಯದಕ್ಕೆ ವಿನ್ಯಾಸ ಮತ್ತು ಕೋಡ್‌ನ ಕೂಲಿ ಮತ್ತೆ ಬೀಳಬಾರದು; ಗೆಳೆಯರಿಬ್ಬರು ಕೂಡಿ ಒಂದೇ ಬಗೆಯದನ್ನು ಮಾಡಿಸಿದರೆ ಚೌಕಾಶಿಗೆ ಇದೇ ಆಧಾರ.

ದರವನ್ನು ದಿಢೀರನೆ ಏರಿಸುವ ಸಂಗತಿಗಳು ಕೆಲವಿವೆ. ಮೋಟಾರ್ ಇರುವ ಫೇಡರ್‌ಗೆ ಪ್ರತ್ಯೇಕ ಡ್ರೈವರ್ ಹಾಗೂ ವಿದ್ಯುತ್ ಪೂರೈಕೆ ಬೇಕು, ಆದ್ದರಿಂದ ತೀರ ಅಗತ್ಯವಿಲ್ಲದಿದ್ದರೆ ಬಿಡಿ. ಬಣ್ಣದ ಡಬ್ಲ್ಯುಎಸ್2812 ಎಲ್‌ಇಡಿ ಒಂದೊಂದೂ ಪೂರ್ಣ ಬಿಳುಪಿನಲ್ಲಿ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. ಹದಿನಾರು ಉರಿದರೆ 960 ಆಗಿ, ಯುಎಸ್‌ಬಿ 2.0 ಕೊಡುವ 500ನ್ನು ಮೀರುತ್ತದೆ. ಕೋಡ್‌ನಲ್ಲಿ ಪ್ರಕಾಶವನ್ನು ಮಿತಿಗೊಳಿಸಿದರೆ ಬೇರೆ ಅಡಾಪ್ಟರ್‌ನ ಖರ್ಚು ತಪ್ಪುತ್ತದೆ. ಹಳೆಯ ಕೀಬೋರ್ಡಿಗೋ ಆಕ್ಟೋಪ್ಯಾಡಿಗೋ ಜೋಡಿಸಲು 5 ಪಿನ್ನಿನ ಮಿಡಿ ಸಾಕೆಟ್ ಬೇಕಿದ್ದರೆ ಅದರ ಬೆಲೆ ಅಲ್ಪ, ಆದರೆ ನಕ್ಷೆ ಬರೆಯುವಾಗಲೇ ಹೇಳಬೇಕು.

ಕೊಟೇಶನ್ ಕೇಳುವಾಗ ಬಿಡಿಭಾಗ, ಪೆಟ್ಟಿಗೆ, ಕೂಲಿ ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ವೈರಿಂಗ್ ನಕ್ಷೆ, ಪ್ಯಾನೆಲ್‌ನ ಡಿಎಕ್ಸ್‌ಎಫ್ ಫೈಲ್ (ಲೇಸರ್ ಕಟಿಂಗ್‌ಗೆ ಕೊಡುವ ನಕ್ಷೆ) ಮತ್ತು ಕೋಡ್ ನಿಮ್ಮ ಕೈಗೆ ಬರಬೇಕೆಂದು ಅದರಲ್ಲೇ ಸೇರಿಸಿ. ಅವಿಲ್ಲದಿದ್ದರೆ ಮುಂದೆ ಒಂದು ಬಟನ್‌ನ ಕೆಲಸ ಬದಲಿಸಲೂ ಅದೇ ತಯಾರಕರ ಬಾಗಿಲಿಗೆ ಹೋಗಬೇಕು. ಗಣಪತಿ, ನವರಾತ್ರಿ ಹತ್ತಿರವಾದಾಗ ಆರ್ಡರ್ ಕೊಟ್ಟರೆ ಅವಸರದ ದರವೂ ಸೇರುವುದರಿಂದ, ದಾಂಡಿಯಾ ಕಾರ್ಯಕ್ರಮಕ್ಕೆ ಬೇಕಾದದ್ದನ್ನು ಮಳೆಗಾಲಕ್ಕೆ ಮೊದಲೇ ಒಪ್ಪಿಸುವುದು ಒಳ್ಳೆಯದು.

ಅರ್ಧ ಹಣ ಮುಂಗಡ, ಅರ್ಧ ಪರೀಕ್ಷೆಯ ನಂತರ ಎಂದು ಮಾತಾಡಿಕೊಳ್ಳಿ. ಪರೀಕ್ಷೆ ಎಂದರೆ ಮಿಡಿ ಮಾನಿಟರ್ ತಂತ್ರಾಂಶ ತೆರೆದಿಟ್ಟು, ಪ್ರತಿ ನಾಬ್ ಒಂದು ತುದಿಯಲ್ಲಿ 0, ಇನ್ನೊಂದರಲ್ಲಿ 127 ತೋರಿಸುತ್ತದೆಯೇ, ಮುಟ್ಟದೆ ಬಿಟ್ಟ ನಾಬ್ ತಾನಾಗಿ ಸಂಖ್ಯೆ ಕಳಿಸುತ್ತಿಲ್ಲವೇ, ಕೇಬಲ್ ಅಲುಗಾಡಿಸಿದರೆ ಸಂಪರ್ಕ ತಪ್ಪುತ್ತದೆಯೇ ಎಂದು ತಯಾರಕರ ಎದುರಿನಲ್ಲೇ ನೋಡುವುದು. ಸಾಧನವನ್ನು ಒಂದು ಗಂಟೆ ಚಾಲೂ ಇಟ್ಟು ಮತ್ತೊಮ್ಮೆ ಇದನ್ನೇ ಮಾಡಿ, ಆಮೇಲೆ ಬಾಕಿ ಹಣ ಕೊಡಿ.