ನಾಲಿಗೆಗೆ ಜಾಗ ಕಲಿಸುವುದು: ಬಾಯಿ ಮತ್ತು ಮುಖದ ಸ್ನಾಯುಗಳ ವ್ಯಾಯಾಮ, ನನ್ನ ಅನುಭವ

ಬಾಯಿಯ ಸ್ನಾಯುಗಳಿಗೆ ವ್ಯಾಯಾಮ ಬೇಕೆಂದು ಬರುವವರು ಸಾಮಾನ್ಯವಾಗಿ ಬಲದ ಮಾತನ್ನೇ ಆಡುತ್ತಾರೆ: ನಾಲಿಗೆಗೆ ಶಕ್ತಿಯಿಲ್ಲ, ತುಟಿ ಸಡಿಲ, ಕೆನ್ನೆ ಜೋತಿದೆ. ವಾಕ್ ಚಿಕಿತ್ಸೆಯ ಕೆಲಸದಲ್ಲಿ ನಾನು ನೋಡುವ ಬಹುಪಾಲು ಮಕ್ಕಳಲ್ಲಿ ಬಲಕ್ಕೇನೂ ಕೊರತೆಯಿರುವುದಿಲ್ಲ. ನಾಲಿಗೆ ಇರಬೇಕಾದ ಜಾಗದಲ್ಲಿರುವುದಿಲ್ಲ, ಅಷ್ಟೆ. ಹಾಗಾಗಿ ಮೊದಲ ಭೇಟಿಯಲ್ಲಿ ಯಾವ ವ್ಯಾಯಾಮವನ್ನೂ ಹೇಳಿಕೊಡದೆ ಸುಮ್ಮನೆ ನೋಡುತ್ತೇನೆ. ಮಗು ಚಿತ್ರ ಬಿಡಿಸುತ್ತಲೋ ಆಡುತ್ತಲೋ ತನ್ನ ಪಾಡಿಗೆ ತಾನಿದ್ದಾಗ ತುಟಿ ಮುಚ್ಚಿದೆಯೇ, ನಾಲಿಗೆ ಕೆಳಹಲ್ಲಿನ ಮೇಲೆ ಬಿದ್ದಿದೆಯೇ, ಕೆಳತುಟಿ ಒಣಗಿ ಬಿರಿದಿದೆಯೇ, ಉಗುಳು ನುಂಗುವಾಗ ಗದ್ದದ ಚರ್ಮ ಸುಕ್ಕುಗಟ್ಟುತ್ತದೆಯೇ? ಬಾಯಿ ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 3 ಮಿಲಿಮೀಟರ್ ಸಂದು, ತುಟಿ ಮುಚ್ಚಿಕೊಂಡಿರುವುದು, ನಾಲಿಗೆ ಅಂಗುಳಕ್ಕೆ ಆತುಕೊಂಡಿರುವುದು, ಉಸಿರು ಮೂಗಿನಲ್ಲಿ. ಇದೇ ನನ್ನ ಗುರಿ. ಮುಂದಿನದೆಲ್ಲ ಇಲ್ಲಿಗೆ ತಲುಪುವ ದಾರಿ.

ಮೂಗು ಕಟ್ಟಿದ್ದರೆ ಆ ದಾರಿ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಬಾಯಲ್ಲಿ ಒಂದು ಗುಟುಕು ನೀರು ಹಿಡಿದು, ತುಟಿ ಮುಚ್ಚಿ, ಎರಡು ನಿಮಿಷ ಮೂಗಿನಲ್ಲೇ ಉಸಿರಾಡಲು ಹೇಳುತ್ತೇನೆ. ಮಧ್ಯದಲ್ಲೇ ಚಡಪಡಿಸಿ ನೀರು ಉಗಿದರೆ ಮೊದಲು ಕಿವಿ-ಮೂಗು-ಗಂಟಲು ವೈದ್ಯರ ಬಳಿಗೆ. ಮೂಗಿನ ಹಿಂದಿನ ಗ್ರಂಥಿಯಂಥ ಅಂಗಾಂಶ (ಅಡಿನಾಯ್ಡ್) ಊದಿರುವುದು, ದೊಡ್ಡ ಟಾನ್ಸಿಲ್, ಅಲರ್ಜಿಯ ನೆಗಡಿ ಇವುಗಳಲ್ಲಿ ಒಂದಿದ್ದರೂ ಮಗು ಬಾಯಿ ತೆರೆಯುವುದು ಬದುಕಿನ ಅಗತ್ಯಕ್ಕಾಗಿ. ಅದನ್ನು ಕೆಟ್ಟ ಅಭ್ಯಾಸವೆಂದು ಗದರಿಸುವುದು ಅನ್ಯಾಯ. ರಾತ್ರಿ ಬಾಯಿಗೆ ಟೇಪ್ ಅಂಟಿಸುವ ಉಪಾಯವನ್ನು ಮಕ್ಕಳಿಗೆ ನಾನು ಯಾವತ್ತೂ ಹೇಳುವುದಿಲ್ಲ.

ನಾಲಿಗೆಯ ಕೆಳಗಿನ ಪಟ್ಟಿ ಗಿಡ್ಡವಾಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಬಾಯಿ ಪೂರ್ತಿ ತೆರೆದಾಗ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರ ಅಳೆಯಿರಿ. ಆಮೇಲೆ ನಾಲಿಗೆಯ ತುದಿಯನ್ನು ಮೇಲಿನ ಬಾಚಿಹಲ್ಲುಗಳ ಹಿಂದಿನ ಒಸಡಿಗೆ ಮುಟ್ಟಿಸಿ, ಅದು ಬಿಡದ ಹಾಗೆ ಎಷ್ಟು ತೆರೆಯಲಾಗುತ್ತದೋ ಅದನ್ನೂ ಅಳೆಯಿರಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಾದರೆ ವ್ಯಾಯಾಮವೊಂದರಿಂದಲೇ ಕೆಲಸವಾಗುವುದು ಕಷ್ಟ. ಪಟ್ಟಿಯನ್ನು ತಜ್ಞರು ನೋಡಲಿ. ಹೆಬ್ಬೆರಳು ಚೀಪುವ ಮಗುವಾದರೆ ಆ ಚಟ ಬಿಡಿಸುವುದೇ ಮೊದಲ ಕೆಲಸ, ಏಕೆಂದರೆ ಬೆರಳು ಅಂಗುಳದಲ್ಲಿರುವಷ್ಟು ಹೊತ್ತೂ ನಾಲಿಗೆ ಕೆಳಗಿರಲೇಬೇಕು.

ಈಗ ಆ ಜಾಗ. ಮೇಲಿನ ಬಾಚಿಹಲ್ಲುಗಳ ಹಿಂದೆ ಒಸಡಿನ ಮೇಲೆ ಒಂದು ಸಣ್ಣ ಉಬ್ಬಿದೆ, ಅದರ ಹಿಂದೆ ಅಡ್ಡ ಗೆರೆಗಳಿವೆ. ನಾಲಿಗೆಯ ತುದಿ ಕೂರಬೇಕಾದದ್ದು ಉಬ್ಬಿನ ಹಿಂದೆಯೇ, ಹಲ್ಲಿಗೆ ತಾಗದ ಹಾಗೆ. ಐಸ್‌ಕ್ರೀಮ್ ಕಡ್ಡಿಯ ತುದಿಯಿಂದ ಅಲ್ಲಿ ಐದು ಸೆಕೆಂಡು ಒತ್ತಿ ತೆಗೆಯುತ್ತೇನೆ, ಆ ಒತ್ತಿನ ನೆನಪು ಹಿಡಿದು ನಾಲಿಗೆ ತಾನೇ ಹುಡುಕಿಕೊಂಡು ಹೋಗುತ್ತದೆ. ಅಕ್ಷರದ ಸಹಾಯ ಪಡೆಯುವುದಾದರೆ ‘ಲ’ ಅನ್ನಿಸಿ. ‘ತ’ ಅನ್ನಿಸಿದರೆ ನಾಲಿಗೆ ನೇರ ಹಲ್ಲಿಗೇ ಹೋಗಿ ತಾಗುತ್ತದೆ, ನಾವು ಬಿಡಿಸಬೇಕೆಂದಿರುವುದೂ ಅದನ್ನೇ. ‘ಳ’ ಅನ್ನಿಸಿದರೆ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತುದಿ ಸರಿಯಾದ ಜಾಗದಲ್ಲಿ ಕೂತರೂ ಹಿಂಭಾಗ ಕೆಳಗೆ ಜಾರಿರುವುದು ತುಂಬ ಸಾಮಾನ್ಯ. ಗೊತ್ತಾಗಲು, ನಾಲಿಗೆಯನ್ನು ಪೂರ್ತಿ ಅಂಗುಳಕ್ಕೆ ಹೀರಿಕೊಂಡು ಬಾಯಿ ತೆರೆಯಲು ಹೇಳಿ ಕನ್ನಡಿಯಲ್ಲಿ ನೋಡಿ: ನಾಲಿಗೆಯ ಎರಡೂ ಅಂಚು ಮೇಲಿನ ಹಲ್ಲುಸಾಲಿನ ಒಳಗೆ ಇರಬೇಕು, ಕೆಳಗಿನ ಪಟ್ಟಿ ಹಗ್ಗದ ಹಾಗೆ ಬಿಗಿದು ಕಾಣಬೇಕು.

ಇದನ್ನೇ ವ್ಯಾಯಾಮವಾಗಿಯೂ ಮಾಡಿಸುತ್ತೇನೆ. ಹೀರಿ ಹಿಡಿದು ಹತ್ತು ಸೆಕೆಂಡು, ಐದು ಸಲ. ಆಮೇಲೆ ಲೊಟ್ಟೆ ಹೊಡೆಯುವುದು: ಹೀರಿದ ನಾಲಿಗೆಯನ್ನು ಒಮ್ಮೆಲೇ ಬಿಡಿಸಿ ಜೋರಾದ ‘ಟ್ಲಾಕ್’ ಶಬ್ದ, ನಿಧಾನವಾಗಿ ಹದಿನೈದು ಸಲ. ನಾಲಿಗೆ ಹೀರಿಕೊಂಡೇ ಇರುವಂತೆ ದವಡೆ ತೆರೆದು ಮುಚ್ಚುವುದು ಹತ್ತು ಸಲ. ಇಷ್ಟು, ದಿನಕ್ಕೆ ಎರಡು ಹೊತ್ತು, ಕನ್ನಡಿಯ ಮುಂದೆ. ಎಲ್ಲರೂ ಎಡವುವುದು ಒಂದೇ ಕಡೆ: ನಾಲಿಗೆ ಮೇಲೇಳುವ ಬದಲು ದವಡೆ ಮೇಲೇರಿ ನಾಲಿಗೆಯನ್ನು ಹೊತ್ತೊಯ್ಯುತ್ತದೆ. ಹೊರಗಿನಿಂದ ನೋಡಿದರೆ ವ್ಯಾಯಾಮ ಸರಿಯಾಗಿಯೇ ಕಾಣುತ್ತದೆ, ನಾಲಿಗೆ ಏನೂ ಕಲಿತಿರುವುದಿಲ್ಲ. ದವಡೆಹಲ್ಲುಗಳ ನಡುವೆ ಎರಡು ಮೂರು ಕಡ್ಡಿ ಜೋಡಿಸಿ ಕಚ್ಚಿಸಿ, ಇಲ್ಲವೇ ಗದ್ದಕ್ಕೆ ಬೆರಳು ಕೊಟ್ಟು ದವಡೆಯನ್ನು ನಿಲ್ಲಿಸಿ. ಆಗ ಮೊದಲು ಹದಿನೈದು ಬರುತ್ತಿದ್ದದ್ದು ನಾಲ್ಕಕ್ಕೆ ಇಳಿಯಬಹುದು. ಆ ನಾಲ್ಕೇ ನಿಜವಾದ ಲೆಕ್ಕ.

ತುಟಿಗೆ ಮಾಡಿಸುವುದು ಇಷ್ಟೇ: ಐಸ್‌ಕ್ರೀಮ್ ಕಡ್ಡಿಯನ್ನು ಅಡ್ಡಲಾಗಿ ತುಟಿಗಳ ನಡುವೆ ಹಿಡಿದುಕೊಳ್ಳುವುದು, ಹಲ್ಲು ತಾಗಿಸಬಾರದು. ಒಂದು ನಿಮಿಷದಿಂದ ಶುರು ಮಾಡಿ ಐದಕ್ಕೆ ಏರಿಸಿ. ಗದ್ದ ಸುಕ್ಕುಗಟ್ಟಿದರೆ ತುಟಿಯ ಕೆಲಸವನ್ನು ಗದ್ದದ ಸ್ನಾಯು ಕದಿಯುತ್ತಿದೆ ಎಂದರ್ಥ. ಹೊತ್ತು ಕಡಿಮೆ ಮಾಡಿ, ಕೆಳತುಟಿಯನ್ನು ಮೇಲಕ್ಕೆ ತಳ್ಳುವ ಬದಲು ಮೇಲ್ದುಟಿಯನ್ನು ಕೆಳಗಿಳಿಸಲು ಹೇಳಿ. ಗುಂಡಿಗೆ ದಾರ ಕಟ್ಟಿ, ತುಟಿಯ ಹಿಂದೆ ಹಲ್ಲಿನ ಮುಂದೆ ಇಟ್ಟು ಎಳೆಯುವ ವ್ಯಾಯಾಮ ಹಳೆಯದು, ಈಗಲೂ ಉಪಯೋಗಕ್ಕೆ ಬರುತ್ತದೆ. ಗುಂಡಿ ಒಂದು ಇಂಚಿಗಿಂತ ಅಗಲವಿರಲಿ, ದಾರ ಎರಡು ತೂತುಗಳಲ್ಲೂ ಹಾದಿರಲಿ, ಮಾಡಿಸುವ ಮುನ್ನ ಪ್ರತಿ ಸಲವೂ ಜೋರಾಗಿ ಎಳೆದು ಗಂಟು ಪರೀಕ್ಷಿಸಿ. ಹೇಳಿದ್ದನ್ನು ಕೇಳದ ವಯಸ್ಸಿನ ಮಗುವಿಗೆ, ಫಿಟ್ಸ್ ಇರುವವರಿಗೆ, ನುಂಗುವ ತೊಂದರೆಯಿರುವವರಿಗೆ ಇದು ಬೇಡವೇ ಬೇಡ.

ನುಂಗುವುದನ್ನು ಕಲಿಸುವ ಹಂತವೇ ಇಡೀ ಚಿಕಿತ್ಸೆಯ ಹೃದಯ. ಹಸುಗೂಸು ನಾಲಿಗೆಯನ್ನು ಮುಂದಕ್ಕೆ ತಳ್ಳಿಯೇ ನುಂಗುತ್ತದೆ, ಅದು ಸಹಜ. ಹಲ್ಲು ಬಂದು, ಅಗಿಯುವುದು ಕಲಿತಂತೆ ಆ ಕ್ರಮ ಬದಲಾಗಬೇಕು. ಕೆಲವರಲ್ಲಿ ಬದಲಾಗದೆ ಉಳಿಯುತ್ತದೆ. ಇಂಥದ್ದನ್ನು ಏಳೆಂಟು ವರ್ಷಕ್ಕೆ ಮೊದಲು ನಾನು ಕಟ್ಟುನಿಟ್ಟಾಗಿ ಹಿಡಿಯುವುದಿಲ್ಲ. ಅದಕ್ಕಿಂತ ಚಿಕ್ಕವರಲ್ಲಿ ಮೂಗಿನ ಉಸಿರು, ತುಟಿ ಮುಚ್ಚುವುದು ಇವೆರಡೇ ಸಾಕು. ಹಲ್ಲಿನ ಕ್ಲಿಪ್‌ಗೆ ಬಳಸುವ ಸಣ್ಣ ರಬ್ಬರ್ ಉಂಗುರವನ್ನು ನಾಲಿಗೆಯ ತುದಿಯ ಮೇಲಿಟ್ಟು, ಅದನ್ನು ಒಸಡಿನ ಜಾಗಕ್ಕೆ ಒತ್ತಿ ಹಿಡಿಸಿ, ದವಡೆಹಲ್ಲು ಕಚ್ಚಿಸಿ, ತುಟಿಗಳನ್ನು ನಗುವಾಗಿನಂತೆ ತೆರೆದಿಟ್ಟುಕೊಂಡೇ ಉಗುಳು ನುಂಗಲು ಹೇಳುತ್ತೇನೆ. ತುಟಿ ತೆರೆದಿದ್ದರೆ ಮಾತ್ರ ಒಳಗಿನದು ನನಗೆ ಕಾಣುತ್ತದೆ. ನುಂಗಿದ ಮೇಲೂ ಉಂಗುರ ಅಲ್ಲೇ ಇದ್ದರೆ ಗೆದ್ದಂತೆ. ಹಲ್ಲಿನ ಸಂದಿಗೆ ಬಂದರೆ ನಾಲಿಗೆ ಮುಂದಕ್ಕೆ ತಳ್ಳಿದೆ. ಉಂಗುರ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಅಪಾಯವಿಲ್ಲ, ಉಸಿರಿನ ದಾರಿಗೆ ಹೋಗಬಾರದು; ಆದ್ದರಿಂದ ನೆಟ್ಟಗೆ ಕೂರಿಸಿ, ಮಾತಾಡಿಸದೆ, ನಗಿಸದೆ, ದೊಡ್ಡವರ ಕಣ್ಣೆದುರೇ ಮಾಡಿಸಬೇಕು. ಉಗುಳು ಸರಿಹೋದ ಮೇಲೆ ಚಮಚದಲ್ಲಿ ನೀರು, ಆಮೇಲೆ ಲೋಟದಲ್ಲಿ ಒಂದೊಂದೇ ಗುಟುಕು, ಆಮೇಲೆ ಮೆತ್ತನೆಯದು, ಕೊನೆಗೆ ಅಗಿಯುವಂಥದ್ದು. ಲೋಟ ತುಟಿಗೆ ಬರುವ ಮುಂಚೆಯೇ ನಾಲಿಗೆ ಅದನ್ನು ಎದುರುಗೊಳ್ಳಲು ಹೊರಗೆ ಬರುತ್ತದೆ. ಅಲ್ಲೇ ತಡೆಯದಿದ್ದರೆ ಮುಂದಿನ ನುಂಗು ಕೆಟ್ಟಿತೆಂದೇ ತಿಳಿಯಿರಿ.

ವ್ಯಾಯಾಮ ಚೆನ್ನಾಗಿ ಮಾಡಿ ತೋರಿಸುವುದು ಬೇರೆ, ದಿನವಿಡೀ ಹಾಗೇ ಇರುವುದು ಬೇರೆ. ಮೊದಲನೆಯದಕ್ಕೆ ಆರೆಂಟು ವಾರ ಸಾಕು, ಎರಡನೆಯದಕ್ಕೆ ತಿಂಗಳುಗಳೇ ಬೇಕು. ಓದುವಾಗ, ಬರೆಯುವಾಗ, ಪರದೆ ನೋಡುವಾಗ ತುಟಿ ಮುಚ್ಚಿ ನಾಲಿಗೆ ಜಾಗದಲ್ಲಿಡುವುದು ಮೊದಲು ಐದು ನಿಮಿಷ, ಆಮೇಲೆ ಹದಿನೈದು, ಆಮೇಲೆ ಅರ್ಧ ಗಂಟೆ. ಮನೆಯವರು ಗಳಿಗೆಗೊಮ್ಮೆ ‘ಬಾಯಿ ಮುಚ್ಚು’ ಎಂದು ಹೇಳುತ್ತಿದ್ದರೆ ಮಗುವಿಗೆ ಅವಮಾನವಾಗುತ್ತದೆಯೇ ಹೊರತು ರೂಢಿಯಾಗುವುದಿಲ್ಲ. ಪುಸ್ತಕದ ಮೂಲೆಗೆ, ಕನ್ನಡಿಗೆ ಅಂಟಿಸಿದ ಬಣ್ಣದ ಚುಕ್ಕಿ ಕಣ್ಣಿಗೆ ಬಿದ್ದಾಗಲೆಲ್ಲ ನಾಲಿಗೆಯನ್ನು ನೆನೆಯುವುದು ಇದಕ್ಕಿಂತ ಎಷ್ಟೋ ಮೇಲು. ದಂತ ಕ್ಲಿಪ್ ತೆಗೆಸಿದ ಮೇಲೆ ಹಲ್ಲುಗಳ ನಡುವೆ ಮತ್ತೆ ಸಂದು ಬಿಡುವುದಕ್ಕೆ ಈ ಹಂತವನ್ನು ಅರ್ಧಕ್ಕೇ ಕೈಬಿಡುವುದು ಒಂದು ದೊಡ್ಡ ಕಾರಣ.

ಮಾತಿನ ಸ್ಪಷ್ಟತೆಗೆಂದು ಪೀಪಿ, ಬಲೂನು, ಸ್ಟ್ರಾ ಊದಿಸುವವರು ಈಗಲೂ ತುಂಬ ಮಂದಿ. ಅದರಿಂದ ಅಕ್ಷರ ತಿದ್ದುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ನಾನು ಮಾಡಿಸುವುದೂ ಇಲ್ಲ. ಮಾತಿಗೆ ನಾಲಿಗೆ, ತುಟಿ ತಮ್ಮ ಪೂರ್ಣ ಬಲದ ಸಣ್ಣದೊಂದು ಪಾಲನ್ನಷ್ಟೇ ಬಳಸುತ್ತವೆ. ಬೇಕಾದದ್ದು ವೇಗ, ನಿಖರತೆ, ಹೊಂದಾಣಿಕೆ. ಊದುವಾಗಿನ ಹೊಂದಾಣಿಕೆ ಊದುವುದಕ್ಕೆ ಮಾತ್ರ ಒದಗುತ್ತದೆ. ‘ಸ’ ತಪ್ಪುತ್ತಿದ್ದರೆ ‘ಸ’ವನ್ನೇ ಕಲಿಸಬೇಕು: ಒಂಟಿ ಧ್ವನಿಯಾಗಿ, ಪದದಲ್ಲಿ, ವಾಕ್ಯದಲ್ಲಿ, ಹರಟೆಯಲ್ಲಿ. ಪೀಪಿ ಊದುತ್ತ ಕಳೆದ ತಿಂಗಳುಗಳು ಆ ಮಗುವಿಗೆ ಮರಳಿ ಸಿಗುವುದಿಲ್ಲ ಎಂಬ ಸಂಕಟದಿಂದಲೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ದೊಡ್ಡವರಲ್ಲಿ ನನ್ನ ಬಳಿ ಬರುವ ಮುಖ್ಯ ತೊಂದರೆ ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋತು ಮುಖದ ಒಂದು ಕಡೆ ಚಲನೆ ಕಳೆದುಕೊಳ್ಳುವುದು. ಮುಖ ಒಂದು ಕಡೆ ವಾಲಿದೆ ಎಂದೊಡನೆ ಹಣೆ ನೋಡಿ. ಹುಬ್ಬೇರಿಸಿದಾಗ ಎರಡೂ ಕಡೆ ಗೆರೆ ಮೂಡಿ, ಬಾಯಿ ಮಾತ್ರ ವಾಲಿದ್ದರೆ, ಅಥವಾ ಕೈಕಾಲು ಸೋತು ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆ. ಹಣೆಯೂ ಸೇರಿ ಒಂದು ಕಡೆ ಪೂರ್ತಿ ಸೋತಿದ್ದರೆ ಬೆಲ್ಸ್ ಪಾಲ್ಸಿಯ ಸಾಧ್ಯತೆ ಹೆಚ್ಚು. ಆದರೂ ನಿರ್ಧಾರ ವೈದ್ಯರದೇ, ಅದೂ ಬೇಗ. ಸ್ಟೀರಾಯ್ಡ್ ಮಾತ್ರೆ 72 ಗಂಟೆಗಳ ಒಳಗೆ ಶುರುವಾದರೆ ಹೆಚ್ಚು ಪ್ರಯೋಜನ.

ಮೊದಲ ವಾರಗಳಲ್ಲಿ ವ್ಯಾಯಾಮಕ್ಕಿಂತ ಕಣ್ಣು ದೊಡ್ಡದು. ರೆಪ್ಪೆ ಮುಚ್ಚದಿದ್ದರೆ ಕಣ್ಣುಗುಡ್ಡೆ ಒಣಗಿ ಗಾಯವಾಗುತ್ತದೆ: ಹಗಲು ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಪೂರ್ತಿ ಮುಚ್ಚಿ ಟೇಪ್. ಸೋತ ಕೆನ್ನೆಯನ್ನು ಬಾಯಿಯ ಮೂಲೆಯಿಂದ ಕಿವಿಯ ಕಡೆಗೆ ಮೃದುವಾಗಿ ಸವರುವುದು ದಿನಕ್ಕೆ ಎರಡು ಸಲ ಐದೈದು ನಿಮಿಷ. ಚಲನೆ ಚಿಗುರಿದ ಮೇಲೆ ಕನ್ನಡಿ ಬರುತ್ತದೆ. ಹುಬ್ಬೇರಿಸುವುದು, ಮೂಗು ಸುಕ್ಕಿಸುವುದು, ಸಣ್ಣ ನಗು, ತುಟಿ ಮುಂದೆ ಚಾಚುವುದು, ಒಂದೊಂದೂ ಐದರಿಂದ ಹತ್ತು ಸಲ. ಒಳ್ಳೆಯ ಕಡೆ ಮುಖವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದಕ್ಕೆ ಅಂಗೈ ಒತ್ತಿ ತಡೆದು, ಎರಡೂ ಕಡೆ ಸಮವಾಗುವಷ್ಟೇ ಸಣ್ಣ ಚಲನೆ ಮಾಡಿಸಬೇಕು.

ಪೂರ್ತಿ ಬಲ ಹಾಕಿ ಕಣ್ಣು ಹಿಂಡುವುದು, ದಿನವಿಡೀ ಚೂಯಿಂಗ್ ಗಮ್ ಅಗಿಯುವುದು ನನ್ನ ಪ್ರಕಾರ ಕೇಡಿನ ದಾರಿ. ಅಗಿಯುವ ಸ್ನಾಯುಗಳಿಗೆ ನರವೇ ಬೇರೆ, ಮುಖದ ನರಕ್ಕೆ ಅದರಿಂದ ಆಗಬೇಕಾದ್ದೇನಿಲ್ಲ. ಕರೆಂಟ್ ಕೊಡಿಸುವುದನ್ನೂ ನಾನು ಬಯಸುವುದಿಲ್ಲ. ಅದು ಅಕ್ಕಪಕ್ಕದ ಸ್ನಾಯುಗಳನ್ನೆಲ್ಲ ಒಟ್ಟಿಗೆ ಕುಗ್ಗಿಸುತ್ತದೆ, ನಮಗೆ ಬೇಕಾದದ್ದು ಬಿಡಿಬಿಡಿ ಚಲನೆ. ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುವಾಗ ಕೆಲವು ತಪ್ಪು ಸ್ನಾಯುವಿಗೆ ಹೋಗಿ ಸೇರುತ್ತವೆ. ಕೆಲವು ತಿಂಗಳ ನಂತರ ನಕ್ಕರೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಬಾಯಿಯ ಮೂಲೆ ಮೇಲೇಳುತ್ತದೆ. ಆಗ ಬಲದ ವ್ಯಾಯಾಮವೆಲ್ಲ ಬಂದ್. ಕಣ್ಣು ಕಿರಿದಾಗಲು ಶುರುವಾಗುವ ಬಿಂದುವಿನವರೆಗೆ ಮಾತ್ರ ನಗುವುದು, ಅಲ್ಲೇ ಎರಡು ಸೆಕೆಂಡು ನಿಂತು ಬಿಡುವುದು. ವಾರಗಳು ಕಳೆದಂತೆ ಆ ಬಿಂದು ಕೂದಲೆಳೆಯಷ್ಟು ದೂರ ಸರಿಯುತ್ತದೆ, ಅದನ್ನು ಕಾಯುವ ತಾಳ್ಮೆ ಇಬ್ಬರಿಗೂ ಬೇಕು.

ಪಾರ್ಶ್ವವಾಯುವಿನ ನಂತರ ನುಂಗಲು ಕಷ್ಟವಾದವರಿಗೆ ಹೇಳುವ ವ್ಯಾಯಾಮಗಳನ್ನು ಓದಿ ತಾವೇ ಮಾಡಬಾರದು. ಉದಾಹರಣೆಗೆ, ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ನುಂಗುವ ಮಸಾಕೊ ವ್ಯಾಯಾಮ ಬರೀ ಉಗುಳಿನಲ್ಲಿ ಮಾತ್ರ. ಬಾಯಲ್ಲಿ ಆಹಾರವಿದ್ದಾಗ ಮಾಡಿದರೆ ತುತ್ತು ಶ್ವಾಸನಾಳಕ್ಕೆ ಇಳಿಯಬಹುದು. ತಲೆ-ಕುತ್ತಿಗೆಯ ಭಾಗಕ್ಕೆ ರೇಡಿಯೇಶನ್ ಆದವರಲ್ಲಿ ಬಾಯಿ ತೆರೆಯುವಿಕೆ 35 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಹಿಗ್ಗಿಸುವ ವ್ಯಾಯಾಮ: ಏಳು ಸಲ ತೆರೆದು, ಪ್ರತಿ ಸಲ ಏಳು ಸೆಕೆಂಡು ಹಿಡಿದು, ದಿನಕ್ಕೆ ಏಳು ಸಲ. ಜಗ್ಗಿದ ಅನುಭವವಾಗಬೇಕು, ನೋವಾಗಬಾರದು.

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೂ ನಾಲಿಗೆ ಹಾಗೂ ಗಂಟಲಿನ ವ್ಯಾಯಾಮ ಉಂಟು. 2009ರಲ್ಲಿ ಬ್ರೆಜಿಲ್‌ನಲ್ಲಿ ಮಧ್ಯಮ ತೀವ್ರತೆಯ 31 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಮೂರು ತಿಂಗಳು ವ್ಯಾಯಾಮ ಮಾಡಿದವರಿಗೆ ಗಂಟೆಗೆ ಸರಾಸರಿ 22 ಸಲ ಆಗುತ್ತಿದ್ದ ಉಸಿರಿನ ಅಡಚಣೆ 14ರ ಹತ್ತಿರಕ್ಕೆ ಇಳಿಯಿತು. ಇಳಿಯಿತು, ನಿಲ್ಲಲಿಲ್ಲ. ಆದ್ದರಿಂದ ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಳಸುವವರು ವ್ಯಾಯಾಮ ಶುರುವಾಯಿತೆಂದು ಅದನ್ನು ಬದಿಗಿಡಬಾರದು. ಮೂರು ತಿಂಗಳು ಬಿಡದೆ ಮಾಡಿ, ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಬಂದ ಅಂಕಿ ನೋಡಿ ಯಂತ್ರದ ವಿಚಾರವನ್ನು ವೈದ್ಯರ ಜತೆ ಮಾತಾಡಿ.