ಆ್ಯಪ್ ತೆಗೆದು ಮತ್ತೆ ಹಾಕುವ ಮುನ್ನ

"ಅಣ್ಣಾ, ಬರೇ ಚಕ್ರ ತಿರಗಾಕತ್ತೈತಿ, ಧಾರಾವಾಹಿ ಬರವಲ್ತು." ಹುಬ್ಬಳ್ಳಿಯ ಮೊಬೈಲ್ ಸರ್ವಿಸ್ ಕೌಂಟರಿನಲ್ಲಿ ಕುಳಿತವರಿಗೆ ಇದು ದಿನದ ಮಾತು. ಇಂಥ ಫೋನು ನನ್ನ ಕೈಗೆ ಬರುವಷ್ಟರಲ್ಲಿ ಧಾರಾವಾಹಿ ನೋಡುವ ಆ್ಯಪನ್ನು ಒಮ್ಮೆಯಾದರೂ ತೆಗೆದು ಹಾಕಿರುತ್ತಾರೆ. ಅಲ್ಲಿಗೆ ಒಂದು ತೊಂದರೆ ನಾಲ್ಕಾಗಿರುತ್ತದೆ. ಡೌನ್‌ಲೋಡ್ ಮಾಡಿಟ್ಟ ಎಪಿಸೋಡುಗಳು ಹೋದವು, ಲಾಗಿನ್ ಹೋಯಿತು, ಒಟಿಪಿ ಬರುವ ಸಿಮ್ ಧಾರವಾಡದಲ್ಲಿರುವ ಮಗನ ಫೋನಿನಲ್ಲಿದೆ, ಮೇಲೆ ಇವತ್ತಿನ ಡೇಟಾ ಕೂಡ ಅರ್ಧ ಖರ್ಚು. ಹೀಗಾಗಿ ಅನ್‌ಇನ್‌ಸ್ಟಾಲ್ ಮಾಡುವುದು ನನ್ನ ಲೆಕ್ಕದಲ್ಲಿ ಕೊನೆಯ ಉಪಾಯ.

ನಾನು ಮೊದಲು ನೋಡುವುದು ಜಾಗ. ಡಬ್ಬದ ಮೇಲೆ 32 ಜಿಬಿ ಎಂದಿದ್ದರೂ ಆಂಡ್ರಾಯ್ಡ್ ಮತ್ತು ಕಂಪನಿ ತುಂಬಿ ಕಳಿಸಿದ ಆ್ಯಪ್‌ಗಳೇ ಹತ್ತು ಜಿಬಿಗಿಂತ ಹೆಚ್ಚು ನುಂಗಿರುತ್ತವೆ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ 50 ಎಂಬಿ ಎಂದು ಕಂಡರೆ 50 ಎಂಬಿ ಖಾಲಿ ಇದ್ದರೆ ಸಾಕು ಅಂತಲ್ಲ. ಇಳಿಸಿದ ಫೈಲು, ಬಿಚ್ಚಿದ ಫೈಲು, ಫೋನು ತನಗೆ ಬೇಕಾದಂತೆ ಮಾಡಿಕೊಳ್ಳುವ ಪ್ರತಿ, ಇಷ್ಟಕ್ಕೂ ಏಕಕಾಲಕ್ಕೆ ಜಾಗ ಬೇಕು. ಓಡಲು ಶುರುವಾದ ಮೇಲೆ ಕ್ಯಾಶ್, ಅಂದರೆ ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಫೈಲುಗಳು, ಬೇರೆ. ಕನಿಷ್ಠ 2 ಜಿಬಿ ಖಾಲಿ ಇರದ ಫೋನಿಗೆ ನಾನು ವಿಡಿಯೋ ಆ್ಯಪ್ ಹಾಕಲು ಹೋಗುವುದಿಲ್ಲ.

ಜಾಗ ಎಲ್ಲಿಂದ ತೆಗೆಯಬೇಕು? ಹತ್ತರಲ್ಲಿ ಒಂಬತ್ತು ಸಲ ವಾಟ್ಸ್‌ಆ್ಯಪ್‌ನಿಂದಲೇ. ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ 5 ಎಂಬಿಗಿಂತ ದೊಡ್ಡವು ಒಂದು ಕಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದು ಕಡೆ ಇರುತ್ತವೆ. ಎರಡನೆಯದನ್ನು ಕಣ್ಣುಮುಚ್ಚಿ ಅಳಿಸಬಹುದು. ಶುಭೋದಯದ ವಿಡಿಯೋ ಹೋಯಿತೆಂದು ಯಾರೂ ವಾಪಸ್ ಬಂದು ಜಗಳ ಮಾಡಿಲ್ಲ. ಮೊದಲನೆಯದರಲ್ಲಿ ಮದುವೆಯ ವಿಡಿಯೋ, ಹೊಲದ ಕಾಗದದ ಪಿಡಿಎಫ್ ಇರಬಹುದು, ಮಾಲೀಕರನ್ನು ಕೇಳಿಯೇ ಮುಟ್ಟಬೇಕು. ಗ್ಯಾಲರಿಯಿಂದ ಅಳಿಸಿದ್ದು ಟ್ರ್ಯಾಶ್‌ನಲ್ಲಿ ಸಾಮಾನ್ಯವಾಗಿ 30 ದಿನ ಉಳಿಯುತ್ತದೆ. ಅದನ್ನು ಖಾಲಿ ಮಾಡದಿದ್ದರೆ ಎಷ್ಟು ಅಳಿಸಿದರೂ ಮೆಮೊರಿ ಫುಲ್ ಅಂತಲೇ ತೋರಿಸುತ್ತದೆ.

ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ ಆ್ಯಪ್ ಇನ್ಫೋಗೆ ಹೋಗಿ ಫೋರ್ಸ್ ಸ್ಟಾಪ್, ಆಮೇಲೆ ಕ್ಲಿಯರ್ ಕ್ಯಾಶ್. ಪಕ್ಕದಲ್ಲೇ ಇರುವ ಕ್ಲಿಯರ್ ಸ್ಟೋರೇಜ್ ಒತ್ತಬೇಡಿ, ಅದು ಲಾಗಿನ್ ಮತ್ತು ಡೌನ್‌ಲೋಡ್‌ಗಳನ್ನು ಅಳಿಸುತ್ತದೆ. ಹಲವು ಆ್ಯಪ್‌ಗಳು ಒಟ್ಟಿಗೇ ಮುಚ್ಚಿಕೊಳ್ಳುತ್ತಿದ್ದರೆ ತಪ್ಪು ಅವುಗಳದ್ದಲ್ಲ, ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎಂಬ ಭಾಗವನ್ನು ನೋಡಬೇಕು. 2021ರ ಮಾರ್ಚ್‌ನಲ್ಲಿ ಅದರ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಆ್ಯಪ್‌ಗಳು ಬಿದ್ದಿದ್ದವು. ಪ್ಲೇ ಸ್ಟೋರ್‌ನಲ್ಲಿ ಅದರ ಹೆಸರು ಹುಡುಕಿ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ.

ಡೌನ್‌ಲೋಡ್ ಪೆಂಡಿಂಗ್ ಎಂದು ಗಂಟೆಗಟ್ಟಲೆ ನಿಂತಿದೆಯೇ? ಪ್ಲೇ ಸ್ಟೋರ್‌ನ ನೆಟ್‌ವರ್ಕ್ ಪ್ರಿಫರೆನ್ಸಸ್‌ನಲ್ಲಿ ವೈಫೈ ಮಾತ್ರ ಎಂದಿರುತ್ತದೆ, ಇಲ್ಲವೇ ಮುಂದೆ ಹತ್ತಾರು ಅಪ್‌ಡೇಟುಗಳು ಸಾಲುಗಟ್ಟಿರುತ್ತವೆ. ಸಾಲನ್ನು ರದ್ದು ಮಾಡಿ ಬೇಕಾದ್ದನ್ನು ಮಾತ್ರ ಹಾಕಿ. ದಿನಾಂಕ, ಸಮಯ ತಪ್ಪಿದ್ದರೂ ಇಳಿಯುವುದಿಲ್ಲ, ಸರ್ವರಿನ ಪ್ರಮಾಣಪತ್ರವನ್ನು ಫೋನು ನಂಬದು.

'ನಿಮ್ಮ ಡಿವೈಸ್‌ಗೆ ಹೊಂದುವುದಿಲ್ಲ' ಎಂದರೆ ಆಂಡ್ರಾಯ್ಡ್ ಹಳೆಯದಿರಬೇಕು, ಅಥವಾ ಫೋನು ಪ್ಲೇ ಪ್ರೊಟೆಕ್ಟ್ ಸರ್ಟಿಫೈಡ್ (ಗೂಗಲ್ ಪರೀಕ್ಷಿಸಿ ಒಪ್ಪಿದ್ದು) ಆಗಿರಲಿಕ್ಕಿಲ್ಲ. ಇದು ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಕಾಣುತ್ತದೆ. ಇಲ್ಲಿಂದಲೇ ಜನ ಎಪಿಕೆ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕುವ ಆ್ಯಪ್ ಫೈಲು, ಹುಡುಕುತ್ತಾ ಹೊರಡುತ್ತಾರೆ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರ್‌ಗೆ ಬರುವ ಹೊಸ ಆ್ಯಪ್‌ಗಳು ಬಂಡಲ್ ರೂಪದಲ್ಲೇ ಬರಬೇಕು. ಸ್ಟೋರ್ ಅದನ್ನು ತುಂಡು ಮಾಡಿ ನಿಮ್ಮ ಫೋನಿಗೆ ಬೇಕಾದಷ್ಟನ್ನೇ ಕೊಡುತ್ತದೆ. ಗೆಳೆಯ ಕಳಿಸಿದ ಒಂದೇ ಎಪಿಕೆಯಲ್ಲಿ ಉಳಿದ ತುಂಡುಗಳಿರುವುದಿಲ್ಲ, ಅದಕ್ಕೇ 'ಆ್ಯಪ್ ನಾಟ್ ಇನ್‌ಸ್ಟಾಲ್ಡ್' ಎನ್ನುತ್ತದೆ. 'ಕ್ರಿಕೆಟ್ ಫ್ರೀ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆಯ ಕಥೆಯೇ ಬೇರೆ. ವಿಡಿಯೋ ತೋರಿಸುವ ಆ್ಯಪ್‌ಗೆ ಎಸ್‌ಎಂಎಸ್ ಓದುವ ಅನುಮತಿ, ಪರದೆಯನ್ನು ಓದಿ ಒತ್ತಲು ಬಿಡುವ ಆ್ಯಕ್ಸೆಸಿಬಿಲಿಟಿ ಅನುಮತಿ ಯಾಕೆ ಬೇಕು? ಕೇಳಿತೆಂದರೆ ಕಣ್ಣು ನಿಮ್ಮ ಒಟಿಪಿ ಮೇಲೆ. ಕೊಟ್ಟುಬಿಟ್ಟಿದ್ದರೆ ಡೇಟಾ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ತಿರುಗುವ ಚಕ್ರ. ನವಲಗುಂದ, ಅಣ್ಣಿಗೇರಿ, ರೋಣದ ಕಡೆಯ ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಕಟ್ಟೆ ಮೇಲೆ ಎಚ್‌ಡಿ, ಪಡಸಾಲೆಯಲ್ಲಿ ಚಕ್ರ, ಅಡುಗೆಮನೆಯಲ್ಲಿ ಏನೂ ಇಲ್ಲ. 4ಜಿಯ 2300 ಮೆಗಾಹರ್ಟ್ಸ್ ತರಂಗ ಅಂಥ ಗೋಡೆಯೊಳಗೆ ನುಗ್ಗುವುದು ಕಷ್ಟ, 850 ಅಥವಾ 900 ಸ್ವಲ್ಪ ನುಗ್ಗುತ್ತದೆ. ಹೊಸ ಫೋನು ಕೊಂಡರೂ ಗೋಡೆ ತೆಳುವಾಗುವುದಿಲ್ಲ. ಹಳೆಯ ಫೋನೊಂದಕ್ಕೆ ಸಿಮ್ ಹಾಕಿ ಬೆಳಕಿಂಡಿಯ ಹತ್ತಿರ ಮಳೆನೀರು, ಬಿಸಿಲು ತಾಗದಂತೆ ಇಟ್ಟು, ಚಾರ್ಜರಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಆನ್ ಮಾಡಿ. ಹಾಟ್‌ಸ್ಪಾಟಿನ ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. 5ಕ್ಕೆ ಇಟ್ಟರೆ ಅದೂ ಗೋಡೆಗೆ ಬಡಿದು ನಿಲ್ಲುತ್ತದೆ.

ಸಿಗ್ನಲ್ ತುಂಬಾ ಇದ್ದೂ ಚಕ್ರ ತಿರುಗಿದರೆ ದಿನದ ಡೇಟಾ ಮುಗಿದಿರಬಹುದು. ಆಮೇಲೆ ಹೆಚ್ಚಿನ ಪ್ಲಾನ್‌ಗಳಲ್ಲಿ ಸಿಗುವುದು 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಅದರಲ್ಲಿ ವಾಟ್ಸ್‌ಆ್ಯಪ್ ಅಕ್ಷರ ಹೋಗುತ್ತದೆ, ವಿಡಿಯೋ ಅಲ್ಲ. 1 ಎಂಬಿಪಿಎಸ್‌ನಲ್ಲಿ ಓಡುವ ವಿಡಿಯೋ ಗಂಟೆಗೆ 450 ಎಂಬಿ ತಿನ್ನುತ್ತದೆ. ಕ್ವಾಲಿಟಿ ಆಟೋದಲ್ಲಿದ್ದು 3 ಎಂಬಿಪಿಎಸ್‌ಗೆ ಏರಿದರೆ ಅರ್ಧ ಗಂಟೆಯ ಧಾರಾವಾಹಿಗೆ 675 ಎಂಬಿ, ಎರಡು ನೋಡುವಷ್ಟರಲ್ಲಿ 1.5 ಜಿಬಿ ಪ್ಯಾಕ್ ಬಹುತೇಕ ಖಾಲಿ. ಡೇಟಾ ಸೇವರ್ ಅಥವಾ ಮೀಡಿಯಂಗೆ ಇಳಿಸಿ 1 ಎಂಬಿಪಿಎಸ್‌ಗೆ ತಂದರೆ ಅದೇ ಪ್ಯಾಕಿನಲ್ಲಿ ಆರು ನೋಡಬಹುದು. ಆರು ಇಂಚಿನ ಪರದೆಯಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದು ಕಡಿಮೆ.

ಚಕ್ರವೂ ಇಲ್ಲ, ಚಿತ್ರವೂ ಇಲ್ಲ, ಬರೀ 'ಏನೋ ತಪ್ಪಾಗಿದೆ' ಎಂದರೆ ವಿಪಿಎನ್ (ಇಂಟರ್ನೆಟ್ಟನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ಸೌಲಭ್ಯ) ಮತ್ತು ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ನೋಡಿ. ಜಾಹೀರಾತು ತಡೆಯಲೆಂದು ಯಾರೋ ಹೇಳಿಕೊಟ್ಟ ಡಿಎನ್‌ಎಸ್ ಅಲ್ಲಿ ಕುಳಿತಿರುತ್ತದೆ. ಆಟೋಮ್ಯಾಟಿಕ್ ಮಾಡಿದರೆ ಮುಗಿಯಿತು.

ಯಾವ ಚಾನೆಲ್ ಯಾವ ಆ್ಯಪ್‌ನಲ್ಲಿ ಎಂಬುದು ಇನ್ನೊಂದು ಗೊಂದಲ. ಉದಯ ಸನ್ ನೆಕ್ಸ್ಟ್‌ನಲ್ಲಿ, ಜೀ ಕನ್ನಡ ಜೀ5ರಲ್ಲಿ, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಜಿಯೋಹಾಟ್‌ಸ್ಟಾರ್‌ನಲ್ಲಿ. 2025ರ ಫೆಬ್ರುವರಿ 14ರಂದು ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಒಂದಾದವು. ಹಳೆಯ ಜಿಯೋಸಿನಿಮಾ ಫೋನಿನಲ್ಲಿ ಇನ್ನೂ ಇದ್ದರೆ ತೆಗೆಯಿರಿ, ಜಾಗವಾದರೂ ಉಳಿಯುತ್ತದೆ.

ದುಡ್ಡು ಕೊಟ್ಟರೂ ಚಿತ್ರ ಮಸುಕು ಎನ್ನುವವರಿಗೆ ಎರಡು ಉತ್ತರ. ಪ್ಲಾನೇ ಅಷ್ಟಿರಬಹುದು, ಇಲ್ಲವೇ ಫೋನಿನ ವೈಡ್‌ವೈನ್ (ವಿಡಿಯೋ ನಕಲಾಗದಂತೆ ಕಾಯುವ ವ್ಯವಸ್ಥೆ) ಕೆಳ ಮಟ್ಟದ ಎಲ್3 ಇರಬಹುದು. ಡಿಆರ್‌ಎಂ ಇನ್ಫೋ ಎಂಬ ಸಣ್ಣ ಆ್ಯಪ್ ಹಾಕಿ ವೈಡ್‌ವೈನ್ ಸೆಕ್ಯೂರಿಟಿ ಲೆವೆಲ್ ಓದಿ. ಎಲ್1 ಇದ್ದರೆ ಎಚ್‌ಡಿ ಸಾಧ್ಯ, ಎಲ್3 ಇದ್ದರೆ ದೊಡ್ಡ ಆ್ಯಪ್‌ಗಳು ಸಾಮಾನ್ಯವಾಗಿ ಎಚ್‌ಡಿ ಕೊಡುವುದಿಲ್ಲ. ಬೂಟ್‌ಲೋಡರ್ (ಫೋನು ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅನ್‌ಲಾಕ್ ಆದ, ಸಾಫ್ಟ್‌ವೇರನ್ನು ತಪ್ಪಾಗಿ ಫ್ಲ್ಯಾಶ್ ಮಾಡಿದ (ಹೊಸದಾಗಿ ತುಂಬಿದ) ಫೋನುಗಳು ಎಲ್1ರಿಂದ ಎಲ್3ಕ್ಕೆ ಬೀಳಬಹುದು, ಸಾಮಾನ್ಯ ರಿಸೆಟ್‌ನಿಂದ ವಾಪಸ್ ಬರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವಾಗ ಬ್ಯಾಟರಿ ಜೊತೆ ಇದನ್ನೂ ಅಂಗಡಿಯಲ್ಲೇ ನೋಡಿಕೊಳ್ಳಿ.

ಟಿವಿಗೆ ಹಾಕಿದಾಗ ದನಿ ಬಂದು ಪರದೆ ಕಪ್ಪಾದರೆ ಅದು ನಕಲು ತಡೆಯುವ ರಕ್ಷಣೆ, ಕೆಟ್ಟಿದ್ದಲ್ಲ. ಸ್ಕ್ರೀನ್ ಮಿರರ್ ಬಿಟ್ಟು ಆ್ಯಪ್‌ನೊಳಗಿನ ಕಾಸ್ಟ್ (ಟಿವಿಗೆ ಕಳಿಸುವ) ಗುರುತು ಬಳಸಿ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐ ಕೇಬಲ್ ಕೊಳ್ಳುವ ಮೊದಲು ಫೋನಿಗೆ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇದೆಯೇ ಕೇಳಿ. ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೇಬಲ್ ದುಡ್ಡು ದಂಡ.

ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ, ಇದನ್ನು ಮಾತ್ರ ಎಷ್ಟು ಹೇಳಿದರೂ ಕಡಿಮೆ. ಒಂದು ರೂಪಾಯಿಯ ಟ್ರಯಲ್‌ಗೆ ಯುಪಿಐ ಪಿನ್ ಒತ್ತಿದಾಗಲೇ ಆಟೋಪೇಗೆ, ಅಂದರೆ ಹಣ ತಾನಾಗಿಯೇ ಕಡಿತವಾಗುವುದಕ್ಕೆ, ಒಪ್ಪಿಗೆ ಹೋಗಿರುತ್ತದೆ. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂಬ ನಿಯಮವಿದೆ, ಆದರೆ ಅದು ಜಾಹೀರಾತು ಮೆಸೇಜುಗಳ ನಡುವೆ ಹೂತುಹೋಗುತ್ತದೆ. ಯುಪಿಐ ಆ್ಯಪ್ ತೆರೆದು ಪ್ರೊಫೈಲ್‌ನಲ್ಲಿ ಆಟೋಪೇ ಒತ್ತಿ, ಆ ಹೆಸರು ಹುಡುಕಿ ರದ್ದು ಮಾಡಿ. ತಾತ್ಕಾಲಿಕವಾಗಿ ನಿಲ್ಲಿಸಿದರೆ (ಪಾಜ್) ಸಾಲದು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿಯ ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ ತೆಗೆಯಬೇಕು. ರದ್ದಾದ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮುಂದಿನ ತಿಂಗಳು ಮತ್ತೆ ಕಡಿತವಾದರೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.