ಒಂಟೆಯ ಕೂದಲನ್ನು ನೂಲಾಗಿಸುವುದು ಹೇಗೆ?

ರಾಜಸ್ಥಾನದಲ್ಲಿ ಚಳಿ ಇಳಿದು ಬಿಸಿಲು ಬಲಿಯುವ ಮಾರ್ಚ್‌–ಏಪ್ರಿಲ್‌ ಹೊತ್ತಿಗೆ ಒಂಟೆಯ ಚಳಿಗಾಲದ ಕೂದಲು ತಾನಾಗಿಯೇ ಸಡಿಲಗೊಳ್ಳುತ್ತದೆ. ಒಂಟೆ ಸಾಕುವ ರೈಕಾ ಸಮುದಾಯದವರು ಆಗಲೇ ಕತ್ತರಿ ಹಿಡಿಯುತ್ತಾರೆ. ಪ್ರಾಣಿಗೆ ಇದರಿಂದ ನೋವಿಲ್ಲ, ಬೇಸಿಗೆಗೆ ಮೈ ಹಗುರವಾಗುತ್ತದೆ. ಆದರೆ ನಮ್ಮ ಒಂಟಿ ಡುಬ್ಬದ ಒಂಟೆ ವರ್ಷಕ್ಕೆ ಕೊಡುವುದು ಸುಮಾರು ಒಂದು ಕಿಲೋ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಹಾಗಾಗಿ ಒಂದು ಹಿಡಿಯನ್ನೂ ಹಾಳುಮಾಡಬಾರದು.

ಮೊದಲ ಕೆಲಸ ವಿಂಗಡಣೆ. ಇಲ್ಲಿ ಅವಸರ ಬೇಡವೇ ಬೇಡ. ಮರಿಯ ಕೂದಲು ಮೆತ್ತಗೆ, ವಯಸ್ಸಾದ ಒಂಟೆಯದು ಒರಟು. ಒಂದೇ ಮೈಯಲ್ಲೂ ಬಿರುಸು ಕೂದಲಿನ ಅಡಿಗೆ ನವಿರಾದ ತುಪ್ಪುಳ ಅಡಗಿರುತ್ತದೆ. ಬೆರಳಿನಿಂದ ಹಿಂಜುತ್ತಾ ಎರಡನ್ನೂ ಬೇರೆ ಮಾಡಿ. ತುಪ್ಪುಳ ಶಾಲಿಗೆ, ಒರಟು ಕೂದಲು ಹಗ್ಗಕ್ಕೆ, ನೆಲಹಾಸಿಗೆ, ಒಂಟೆಯ ಜೀನು ಬಿಗಿಯುವ ‘ತಂಗ್‌’ ಪಟ್ಟಿಗೆ.

ಮರಳು, ಮುಳ್ಳುಕಾಯಿಗಳನ್ನು ಕೊಡವಿದ ಮೇಲೆ ಅಂಟುವಾಳ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯಿರಿ. ತಿಕ್ಕಿದರೆ ಗಂಟುಕಟ್ಟುತ್ತದೆ. ಕುರಿಯ ಉಣ್ಣೆಯಷ್ಟು ಜಿಡ್ಡು ಇದರಲ್ಲಿಲ್ಲ, ನೀರು ಕಡಿಮೆ ಸಾಕು; ಮರುಭೂಮಿಯಲ್ಲಿ ಇದು ಸಣ್ಣ ಮಾತಲ್ಲ. ನೆರಳಿನಲ್ಲಿ ಒಣಗಿಸಿ.

ಈ ಎಳೆ ಜಾರುವ ಗುಣದ್ದು. ಹೊಸಬರು ಸಮಪಾಲು ಕುರಿಯ ಉಣ್ಣೆ ಸೇರಿಸಿ ಹಿಂಜುವುದು ಒಳ್ಳೆಯದು. ಬಳಿಕ ಕೈಯಲ್ಲಿ ತಿರುಗಿಸಿ ನೂಲುವ ಕಡ್ಡಿಯಾದ ತಕಲಿಯಲ್ಲಿ ನೂಲಿ. ನಮ್ಮ ಕುರುಬರ ಮನೆಗಳಲ್ಲಿ ಕಂಬಳಿಗೆ ಉಣ್ಣೆ ನೂಲುವುದನ್ನು ಕಂಡವರಿಗೆ ಕೈಯ ಈ ಲಯ ಹೊಸದೆನಿಸದು. ಬಲಕ್ಕೆ ತಿರುಗಿಸಿ ನೂತ ಎರಡು ಎಳೆಗಳನ್ನು ಎಡಕ್ಕೆ ತಿರುಗಿಸಿ ಹುರಿ ಮಾಡಿದರೆ ನೂಲು ಗಟ್ಟಿಯಾಗುತ್ತದೆ.

ಇಷ್ಟು ಶ್ರಮಕ್ಕೆ ನ್ಯಾಯವಾದ ಬೆಲೆ ಸಿಗಲೇಬೇಕು ಎಂದು ನಾನು ಒತ್ತಿ ಹೇಳಲು ಕಾರಣವಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು. 2019ರಲ್ಲಿ ಉಳಿದದ್ದು ಸುಮಾರು 2.5 ಲಕ್ಷ. ಹೊಲಕ್ಕೆ ಟ್ರ್ಯಾಕ್ಟರ್‌ ಬಂತು, ಮೇವಿನ ಜಾಗ ಕುಗ್ಗಿತು. 2014ರಲ್ಲಿ ರಾಜಸ್ಥಾನ ಒಂಟೆಯನ್ನು ರಾಜ್ಯಪ್ರಾಣಿ ಎಂದು ಘೋಷಿಸಿತಾದರೂ ಸಾಕುವವನ ಹೊಟ್ಟೆ ಗೌರವದಿಂದ ತುಂಬುವುದಿಲ್ಲ. ಕೂದಲೊಂದೇ ಹಿಂಡನ್ನು ಸಾಕದು, ನಿಜ. ಹಾಲಿನ ಜೊತೆಗೆ ಇದರ ಹಣವೂ ಕೈಸೇರಿದರೆ ಒಂಟೆಯನ್ನು ಮಾರದೆ ಉಳಿಸಿಕೊಳ್ಳಲು ಅವನಿಗೆ ಇನ್ನೊಂದು ಕಾರಣ ಸಿಗುತ್ತದೆ.

ನೂಲಿಗೆ ಬಣ್ಣ ಹಾಕಬೇಡಿ. ಅದರ ಮಣ್ಣುಗಂದು ಬಣ್ಣವೇ ಚೆಂದ. ಲಡಿ ಸುತ್ತಿ, ಬೆಚ್ಚನೆಯ ನೀರಿನಲ್ಲಿ ಅದ್ದಿ, ತೂಗುಹಾಕಿ ಒಣಗಿಸಿ. ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆ, ಹತ್ತಿಯದಿರಲಿ; ಇದನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ ಬಳಸಿದರೆ ಮೊದಲ ನೇಯ್ಗೆ ಸಲೀಸು.